ಯಶೋಧರನ ತಪ್ಪು ಎಲ್ಲಿಂದ ಆರಂಭವಾಗುತ್ತದೆ?

ಕಡಿಯಾಳಿ ಓದುಗ

ಆಟಿ ತಿಂಗಳ ಮಳೆ ಹಿಡಿದಂದಿನಿಂದ ನಾವು ಏಳೆಂಟು ಮಂದಿ ಉಡುಪಿಯ ಒಂದು ಮನೆಯ ಚಾವಡಿಯಲ್ಲಿ ಪ್ರತಿ ಭಾನುವಾರ ಸೇರಿ ಜನ್ನನ ‘ಯಶೋಧರ ಚರಿತೆ’ಯನ್ನು ಓದುತ್ತಿದ್ದೇವೆ. ಒಬ್ಬರು ಕಂದಪದ್ಯವನ್ನು ರಾಗವಾಗಿ ಹೇಳುವುದು, ಇನ್ನೊಬ್ಬರು ಅರ್ಥ ಬಿಡಿಸುವುದು, ಉಳಿದವರು ಕೇಳುವುದು ನಮ್ಮ ಕ್ರಮ. ಮೊನ್ನೆ ಹಿಟ್ಟಿನ ಕೋಳಿಯ ಬಲಿಯ ಭಾಗ ಮುಗಿಯಿತು. ಚಹಾ ಬಂದು ತಣ್ಣಗಾದರೂ ಯಾರೂ ಲೋಟಕ್ಕೆ ಕೈ ಹಾಕಲಿಲ್ಲ. ಅಲ್ಲಿ ಎದ್ದ ಮಾತು ಅಲ್ಲಿಗೆ ತೀರಲಿಲ್ಲವಾದ್ದರಿಂದ ಇಲ್ಲಿ ಬರೆಯುತ್ತಿದ್ದೇನೆ.

ಓದದೇ ಇರುವವರಿಗಾಗಿ ಕಥೆಯನ್ನು ಚುಟುಕಾಗಿ ಹೇಳುತ್ತೇನೆ. ಉಜ್ಜಯಿನಿಯ ಅರಸ ಯಶೋಧರ ಒಂದು ರಾತ್ರಿ ತನ್ನ ರಾಣಿ ಅಮೃತಮತಿ ಮೆಲ್ಲನೆ ಎದ್ದು ಹೋಗುವುದನ್ನು ಕಂಡು ಹಿಂದೆಯೇ ಹೋಗುತ್ತಾನೆ. ಅವಳು ಹೋದದ್ದು ಅಷ್ಟಾವಂಕನೆಂಬ ವಿಕಾರರೂಪದ ಮಾವುತನ ಬಳಿಗೆ. ತಡವಾಗಿ ಬಂದೆಯೆಂದು ಅವನು ಅವಳನ್ನು ಹೊಡೆಯುತ್ತಾನೆ, ಅವಳು ಅವನನ್ನೇ ಬೇಡಿಕೊಳ್ಳುತ್ತಾಳೆ. ಅರಸ ಕತ್ತಿ ಹಿರಿಯುತ್ತಾನೆ. ಆಮೇಲೆ ತನ್ನನ್ನು ತಾನೇ ತಡೆದುಕೊಂಡು ಹಿಂದಿರುಗಿ ಬರುತ್ತಾನೆ. ಮರುದಿನ ತಾಯಿ ಚಂದ್ರಮತಿ ಮಗನ ಮುಖ ನೋಡಿ ಏನಾಯಿತೆಂದು ಕೇಳಿದಾಗ ಅವನು ಕಂಡದ್ದನ್ನು ಹೇಳದೆ, ಕೆಟ್ಟ ಕನಸು ಬಿತ್ತೆಂದು ಹೇಳಿಬಿಡುತ್ತಾನೆ. ದುಃಸ್ವಪ್ನಕ್ಕೆ ದೇವಿಗೆ ಪ್ರಾಣಿಬಲಿಯೇ ಶಾಂತಿ ಎಂದು ತಾಯಿ ಹಟ ಹಿಡಿಯುತ್ತಾಳೆ. ಜೀವಹಿಂಸೆ ಮಾಡಲಾರೆನೆಂದು ಮಗ ವಾದಿಸುತ್ತಾನೆ. ಕೊನೆಗೆ ತಾಯಿಯ ಮನಸ್ಸು ನೋಯಬಾರದೆಂದು ಹಿಟ್ಟಿನಿಂದ ಮಾಡಿದ ಕೋಳಿಯನ್ನು ಕಡಿಯಲು ಒಪ್ಪುತ್ತಾನೆ. ಕಡಿದ ಕ್ಷಣದಲ್ಲಿ ಹಿಟ್ಟಿನ ಕೋಳಿ ಕೂಗುತ್ತದೆ.

ವಿರಕ್ತನಾಗಿ ಹೊರಡಲು ಸಿದ್ಧನಾದವನಿಗೂ ಅವನ ತಾಯಿಗೂ ಅಮೃತಮತಿ ವಿಷ ಉಣಿಸಿ ಕೊಲ್ಲುತ್ತಾಳೆ. ಅಲ್ಲಿಂದ ಮುಂದೆ ತಾಯಿ ಮಗ ಇಬ್ಬರೂ ಪ್ರಾಣಿಗಳಾಗಿ ಹುಟ್ಟಿ ಹುಟ್ಟಿ ಸಾಯುತ್ತಾರೆ. ಮಗ ನವಿಲಾಗಿ ಹುಟ್ಟಿದಾಗ ತಾಯಿ ನಾಯಿಯಾಗಿ ಹುಟ್ಟಿ ಅವನನ್ನು ಕಚ್ಚಿ ಕೊಲ್ಲುತ್ತಾಳೆ.

ಒಂದು ಹಿಡಿ ಹಿಟ್ಟಿಗೆ ಇಷ್ಟು ಜನ್ಮಗಳ ಶಿಕ್ಷೆಯೇ? ನಿಜವಾದ ಪ್ರಾಣಿಯನ್ನು ಕೊಲ್ಲುವುದಿಲ್ಲವೆಂದು ಕೊನೆಯವರೆಗೆ ಹೋರಾಡಿದವನು ಅವನೊಬ್ಬನೇ ಅಲ್ಲವೇ? ಈ ದುರಂತದಲ್ಲಿ ಅವನ ಪಾಲು ಎಷ್ಟು, ಉಳಿದವರ ಪಾಲು ಎಷ್ಟು? ಮೊನ್ನೆಯಿಂದ ನನಗೆ ಇದೇ ಯೋಚನೆ.

ಕಾರ್ಕಳದವರು

ಜೈನ ಮನೆಯಲ್ಲಿ ಹುಟ್ಟಿ ಈ ಕಥೆಯನ್ನು ಅಜ್ಜಿಯಿಂದ ಕೇಳಿ ಬೆಳೆದವನಾದ್ದರಿಂದ ಮೊದಲು ಒಂದು ಮಾತನ್ನು ಸ್ಪಷ್ಟಪಡಿಸುತ್ತೇನೆ. ತಾವು ‘ಶಿಕ್ಷೆ’ ಎಂದಿರಿ. ಶಿಕ್ಷೆ ಎನ್ನಬೇಕಾದರೆ ಕೊಡುವವನೊಬ್ಬ ಬೇಕು. ಜೈನ ದೃಷ್ಟಿಯಲ್ಲಿ ಹಾಗೆ ಪೀಠದ ಮೇಲೆ ಕುಳಿತು ತೀರ್ಪು ಕೊಡುವ ದೇವರಿಲ್ಲ. ಕರ್ಮ ಜೀವಕ್ಕೆ ಅಂಟುತ್ತದೆ, ಕಷಾಯದ, ಅಂದರೆ ಕೋಪ ಲೋಭ ಮುಂತಾದ ಒಳಗಿನ ವಿಕಾರಗಳ, ತೀವ್ರತೆ ಇದ್ದಷ್ಟು ಗಟ್ಟಿಯಾಗಿ ಅಂಟುತ್ತದೆ, ಕಾಲ ಬಂದಾಗ ಫಲ ಕೊಟ್ಟು ಉದುರುತ್ತದೆ. ಆದ್ದರಿಂದ ಅಪರಾಧಕ್ಕೆ ತಕ್ಕ ದಂಡವೇ ಎಂದು ತೂಗಿ ನೋಡುವ ತಕ್ಕಡಿ ಇಲ್ಲಿ ಕೆಲಸಕ್ಕೆ ಬರುವುದಿಲ್ಲ.

ಜೈನ ಶಾಸ್ತ್ರಗ್ರಂಥವಾದ ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯ ಹಿಂಸೆಯ ಲಕ್ಷಣವನ್ನು ಹೇಳುವಾಗ ಪ್ರಾಣ ತೆಗೆಯುವುದನ್ನಷ್ಟೇ ಹೇಳುವುದಿಲ್ಲ, ‘ಪ್ರಮತ್ತಯೋಗ’ದಿಂದ ಪ್ರಾಣ ತೆಗೆಯುವುದು ಎನ್ನುತ್ತದೆ, ಅಂದರೆ ಎಚ್ಚರ ತಪ್ಪಿದ ಮನೋವಾಕ್ಕಾಯಗಳಿಂದ. ನಮ್ಮವರು ದ್ರವ್ಯಹಿಂಸೆ (ಹೊರಗೆ ನಡೆಯುವ ಕೊಲೆ) ಮತ್ತು ಭಾವಹಿಂಸೆ (ಮನಸ್ಸಿನಲ್ಲಿ ನಡೆಯುವ ಹಿಂಸೆ) ಎಂದು ಎರಡನ್ನು ಬೇರೆ ಮಾಡಿ ಹೇಳುವುದೂ ಇದಕ್ಕಾಗಿಯೇ. ಹಿಟ್ಟಿಗೆ ಪ್ರಾಣವಿಲ್ಲ, ಆದ್ದರಿಂದ ದ್ರವ್ಯಹಿಂಸೆ ನಡೆಯಲಿಲ್ಲ. ಆದರೆ ಆ ಹಿಟ್ಟಿಗೆ ಕೋಳಿಯ ಆಕಾರ ಕೊಟ್ಟದ್ದು, ಅದನ್ನು ದೇವಿಯ ಮುಂದಿಟ್ಟದ್ದು, ಕತ್ತಿ ಎತ್ತಿದ್ದು ‘ಇದು ಕೋಳಿ, ಇದನ್ನು ಕೊಲ್ಲುತ್ತಿದ್ದೇನೆ’ ಎಂಬ ಸಂಕಲ್ಪದಿಂದ. ಆ ಸಂಕಲ್ಪವಿಲ್ಲದಿದ್ದರೆ ಅದು ಬಲಿಯೇ ಆಗುವುದಿಲ್ಲ, ತಾಯಿಗೆ ಬೇಕಾದ ಶಾಂತಿಯೂ ಆಗುವುದಿಲ್ಲ. ಬಲಿಯಾಗಿ ಅದು ನಿಜವೆಂದು ಒಪ್ಪಿ, ಹಿಂಸೆಯಾಗಿ ಮಾತ್ರ ಸುಳ್ಳೆಂದು ಹೇಳುವುದು ಸಾಧ್ಯವಿಲ್ಲ.

ಇನ್ನು ಪಾಲಿನ ಪ್ರಶ್ನೆ. ಕೃತ, ಕಾರಿತ, ಅನುಮೋದಿತ, ಅಂದರೆ ತಾನು ಮಾಡಿದ್ದು, ಮಾಡಿಸಿದ್ದು, ಮಾಡಿದ್ದಕ್ಕೆ ಒಪ್ಪಿಗೆ ಕೊಟ್ಟದ್ದು, ಈ ಮೂರಕ್ಕೂ ಕರ್ಮಬಂಧವಿದೆ. ಮಾಡಿಸಿದವಳು ಚಂದ್ರಮತಿ, ಮಾಡಿದವನು ಯಶೋಧರ. ಒಬ್ಬರ ಪಾಲು ಹೆಚ್ಚಾದರೆ ಇನ್ನೊಬ್ಬರದು ಕಡಿಮೆಯಾಗುತ್ತದೆ ಎಂಬ ಲೆಕ್ಕ ಇಲ್ಲಿಲ್ಲ; ಇಬ್ಬರಿಗೂ ಪೂರ್ತಿ ಪಾಲು.

ಟೀಚರ್, ಕಲ್ಯಾಣಪುರ

ಕಾರ್ಕಳದವರು ಹೇಳಿದ್ದನ್ನು ಓದುವಾಗ ನಮ್ಮ ಮನೆಗಳಲ್ಲಿ ಆಯುಧಪೂಜೆಯ ದಿನ ಕುಂಬಳಕಾಯಿ ಕಡಿಯುವುದು ಕಣ್ಣ ಮುಂದೆ ಬಂತು. ಕಾಯಿಯ ನೆತ್ತಿಯಲ್ಲಿ ತೂತು ಕೊರೆದು ಒಳಗೆ ಕುಂಕುಮ ತುಂಬಿಸುತ್ತಾರೆ. ಕಡಿದಾಗ ಬಿಳಿಯ ತಿರುಳಿನ ಮೇಲೆ ಕೆಂಪು ಹರಿಯುತ್ತದೆ. ಅರಸಿನಕ್ಕೆ ಸುಣ್ಣ ಬೆರೆಸಿದ ಕುರ್ದಿ ನೀರಿನದೂ ಅದೇ ಬಣ್ಣ. ನಾನು ಚಿಕ್ಕವಳಿದ್ದಾಗ ಒಮ್ಮೆ ಆ ಕಾಯಿ ಕಡಿಯುವುದನ್ನು ನೋಡಲಾರದೆ ಒಳಗೆ ಓಡಿದ್ದೆ. ಅದು ಕಾಯಿಯೆಂದು ಚೆನ್ನಾಗಿ ಗೊತ್ತಿತ್ತು, ಹಿಂದಿನ ದಿನ ಅಂಗಡಿಯಿಂದ ಹೊತ್ತು ತಂದವಳು ನಾನೇ. ಆದರೂ ಭಯವಾಯಿತು. ಆಚರಣೆಯನ್ನು ದೂರಲು ಇದನ್ನು ಬರೆಯುತ್ತಿಲ್ಲ. ಪ್ರಾಣಿಯ ಬದಲಿಗೆ ಕಾಯಿಯನ್ನು ತಂದವರ ಮನಸ್ಸಿನಲ್ಲಿ ದಯೆಯಿತ್ತು ಎಂದೇ ನನ್ನ ನಂಬಿಕೆ. ಆದರೆ ಬದಲಿಯಾಗಿ ತಂದದ್ದು ಯಾವುದರ ಬದಲಿಗೆ ಬಂದಿತೋ ಅದನ್ನು ಮರೆಯಲು ಬಿಡುವುದಿಲ್ಲ.

ಆದರೂ ಯಶೋಧರನ ವಿಷಯದಲ್ಲಿ ನನಗೆ ಕೋಳಿಗಿಂತ ಹಿಂದಿನ ಗಳಿಗೆಯೇ ದೊಡ್ಡದಾಗಿ ಕಾಣುತ್ತದೆ. ಕತ್ತಿ ಹಿರಿದು ತಡೆದುಕೊಂಡನಲ್ಲ, ಅದನ್ನು ಎಲ್ಲರೂ ಅವನ ದೊಡ್ಡತನವೆಂದು ಹೇಳುತ್ತಾರೆ. ನಾನೂ ತರಗತಿಯಲ್ಲಿ ಹಾಗೆಯೇ ಪಾಠ ಹೇಳಿದ್ದೇನೆ. ಆದರೆ ಮುಂದೇನು ಮಾಡಿದ? ರಾಣಿಯ ಮೇಲೆ ನೈದಿಲೆಯ ಹೂವಿನಿಂದ ಆಟಕ್ಕೆಂಬಂತೆ ಹೊಡೆಯುತ್ತಾನೆ, ಅವಳು ಮೂರ್ಛೆ ಹೋದವಳಂತೆ ಬೀಳುತ್ತಾಳೆ. ರಾತ್ರಿ ಅಂಥ ಏಟು ತಿಂದವಳು ಹಗಲು ಹೂವಿನ ಏಟಿಗೆ ಬಿದ್ದಳು. ನನಗೆ ಗೊತ್ತಾಗಿದೆ ಎಂದು ಅವಳಿಗೆ ಸೂಚಿಸುವುದಕ್ಕೆ ಅವನಿಗೆ ಮನಸ್ಸಿತ್ತು, ಎದುರು ನಿಂತು ಕೇಳುವುದಕ್ಕೆ ಇರಲಿಲ್ಲ. ತಾಯಿಯ ಮುಂದೆಯೂ ಹಾಗೆಯೇ: ದುಃಖವನ್ನು ತೋರಿಸಿದ, ಕಾರಣವನ್ನು ಮುಚ್ಚಿಟ್ಟ. ಕತ್ತಿಯನ್ನು ಒರೆಗೆ ಹಾಕಿದ್ದು ಕ್ಷಮೆಯಿಂದಲೋ, ನಾಚಿಕೆಯಿಂದಲೋ?

ಅಮೃತಮತಿಯನ್ನು ನಾನು ಪಾರುಮಾಡಲು ಹೊರಟಿಲ್ಲ. ವಿಷವಿಟ್ಟವಳು ಅವಳು. ಆದರೆ ‘ಹೆಂಡತಿ ಕೆಟ್ಟವಳು, ತಾಯಿ ಮೂಢಳು, ಮಗ ಪಾಪದವನು’ ಎಂಬ ಓದನ್ನು ನಲವತ್ತು ವರ್ಷ ಕೇಳಿ ಸಾಕಾಗಿದೆ.

ಮದ್ದಳೆಯ ಹತ್ತಿರ ಕೂರುವವ

ಟೀಚರ್ ಎತ್ತಿದ ಪ್ರಶ್ನೆಗೆ ನನ್ನದೊಂದು ಮಾತು. ಪತ್ತನಾಜೆಯ ದಿನ ಕಳೆದು ಯಕ್ಷಗಾನ ಮೇಳಗಳು ಆ ವರ್ಷದ ತಿರುಗಾಟ ಮುಗಿಸಿ ಗೆಜ್ಜೆ ಬಿಚ್ಚಿದ ಮೇಲೆ ನಮ್ಮ ಕಡೆ ತಾಳಮದ್ದಳೆಯ ಕಾಲ. ಮಂಗಳೂರಿನಿಂದ ಕುಂದಾಪುರದವರೆಗೆ ಎಲ್ಲೇ ಇರಲಿ, ಕರ್ಣನ ಕೊನೆಯ ಪ್ರಸಂಗ ‘ಕರ್ಣಾವಸಾನ’ ಎಂದರೆ ನಾನು ಮಳೆಯಲ್ಲಿ ನೆನೆದಾದರೂ ಹೋಗುವವನು. ಅಲ್ಲಿ ವೇಷವಿಲ್ಲ, ಕುಣಿತವಿಲ್ಲ, ಮಾತೊಂದೇ. ರಥದ ಗಾಲಿ ನೆಲದಲ್ಲಿ ಹೂತಾಗ ಕರ್ಣ ಧರ್ಮದ ಹೆಸರು ಹೇಳಿ ತಡೆ ಎನ್ನುತ್ತಾನೆ. ಆಗ ಕೃಷ್ಣ ಕೇಳುತ್ತಾನೆ: ದ್ರೌಪದಿಯನ್ನು ಸಭೆಗೆ ಎಳೆತಂದಾಗ ನಿನ್ನ ಧರ್ಮ ಎಲ್ಲಿತ್ತು, ಅಭಿಮನ್ಯುವನ್ನು ಸುತ್ತುವರಿದು ಕೊಂದಾಗ ಎಲ್ಲಿತ್ತು? ವ್ಯಾಸಭಾರತದಲ್ಲಿ ಕರ್ಣ ನಾಚಿಕೆಯಿಂದ ತಲೆ ತಗ್ಗಿಸುತ್ತಾನೆ, ಉತ್ತರ ಕೊಡುವುದಿಲ್ಲ. ಪಾತ್ರದ ಮಾತು ಆಡುವ ಅರ್ಥಧಾರಿಗೆ ಇದಕ್ಕಿಂತ ಕಷ್ಟದ ಜಾಗವಿಲ್ಲ, ಏಕೆಂದರೆ ಮಾತೇ ಕಸುಬಾದವನು ಇಲ್ಲಿ ಮಾತಿಲ್ಲದೆ ಕೂರಬೇಕು. ಶಾಪ, ಜನ್ಮರಹಸ್ಯ, ವಿಧಿ ಎಂದು ಎಷ್ಟು ಬೇಕಾದರೂ ಹೇಳಬಹುದು. ಹಾಗೆ ಹೇಳಿ ಕೃಷ್ಣನನ್ನು ಕಟ್ಟಿಹಾಕಿದ ಕರ್ಣರನ್ನೂ ಕೇಳಿದ್ದೇನೆ. ಸಭೆ ಚಪ್ಪಾಳೆ ತಟ್ಟುತ್ತದೆ, ಆದರೆ ಕರ್ಣ ಅಲ್ಲಿ ಚಿಕ್ಕವನಾಗುತ್ತಾನೆ.

ಕರ್ಣ ಅದಕ್ಕೂ ಮೊದಲೇ ಒಮ್ಮೆ ಒಪ್ಪಿಕೊಂಡಿದ್ದಾನೆ ಎಂಬುದನ್ನು ಹೆಚ್ಚಿನವರು ನೆನೆಯುವುದಿಲ್ಲ. ಉದ್ಯೋಗಪರ್ವದಲ್ಲಿ ಕೃಷ್ಣ ಜನ್ಮದ ಗುಟ್ಟನ್ನು ಬಿಚ್ಚಿದಾಗ, ದುರ್ಯೋಧನನನ್ನು ಮೆಚ್ಚಿಸಲು ಪಾಂಡವರಿಗೆ ಆಡಿದ ಕಟುಮಾತುಗಳಿಗಾಗಿ ತಾನು ಈಗ ಪರಿತಪಿಸುತ್ತಿರುವುದಾಗಿ ಕರ್ಣ ಹೇಳುತ್ತಾನೆ. ಒಡೆಯ ಆಡಿಸಿದ, ಅದಕ್ಕೆ ಆಡಿದೆ ಎನ್ನುವುದಿಲ್ಲ. ಮೆಚ್ಚಿಸಲು ನಾನು ಆಡಿದೆ ಎನ್ನುತ್ತಾನೆ. ಪಕ್ಷ ಬಿಡಲಾರೆನೆಂಬುದು ಅವನ ನಿರ್ಧಾರ, ಆಡಿದ ಮಾತಿನ ಸಂಕಟವೂ ಅವನದೇ. ಎರಡನ್ನೂ ಹೊತ್ತುಕೊಂಡು ರಣಕ್ಕೆ ಹೋದ.

ಯಶೋಧರನಲ್ಲಿ ನನಗೆ ಈ ಗಟ್ಟಿತನ ಕಾಣುವುದಿಲ್ಲ. ಜನ್ನನ ಎಲ್ಲರಿಗೂ ಗೊತ್ತಿರುವ ಸಾಲಿದೆಯಲ್ಲ, ‘ಮನಸಿಜನ ಮಾಯೆ ವಿಧಿವಿಳಸನದ ನೆರಂಬಡೆಯೆ ಕೊಂದು ಕೂಗದೆ ನರರಂ’. ಕಾಮನ ಮಾಯೆಗೆ ವಿಧಿಯ ಆಟದ ನೆರವೂ ಸಿಕ್ಕಿದರೆ ಅದು ಮನುಷ್ಯರನ್ನು ಕೊಂದು ಕೂಗದೆ ಬಿಟ್ಟೀತೇ ಎಂದು. ಇಲ್ಲಿ ಯಾರ ತಪ್ಪೂ ಇಲ್ಲ, ಎಲ್ಲವೂ ವಿಧಿ ಎಂದು ಕವಿಯೇ ಹೇಳಿದಂತಾಗಲಿಲ್ಲವೇ?

ಕಡಿಯಾಳಿ ಓದುಗ

ನಮ್ಮ ಚಾವಡಿಯಲ್ಲೂ ಈ ಸಾಲಿಗೆ ಬಹಳ ಹೊತ್ತು ನಿಂತೆವು. ನೀವು ಅದನ್ನು ಬಿಡುಗಡೆಯ ಮಾತಾಗಿ ಓದಿದಿರಿ. ನನಗೆ ‘ನೆರವು’ ಎಂಬ ಪದವೇ ಮುಖ್ಯವೆನಿಸುತ್ತದೆ. ನೆರವು ಕೊಡುವವನು ಕೆಲಸ ಮಾಡುವವನಲ್ಲ; ಕೆಲಸ ಆಗಲೇ ಶುರುವಾಗಿದ್ದರೆ ಮಾತ್ರ ನೆರವಿಗೆ ಜಾಗ. ಇನ್ನೊಂದು ಮಾತು, ‘ಕೂಗದೆ’ ಎಂಬುದನ್ನು ಕೇಳಿದ ಕಿವಿಗೆ ಮುಂದೆ ಹಿಟ್ಟಿನ ಕೋಳಿಯ ಕೂಗು ಕೇಳುವಾಗ ಎರಡೂ ಒಂದಕ್ಕೊಂದು ತಾಗುತ್ತವೆ. ಕಾಮನ ಮಾಯೆ ಕೊಂದು ಕೂಗುತ್ತದೆ ಎಂದ ಕಾವ್ಯದಲ್ಲೇ ಅರಸ ಕೊಂದಾಗ ಕೋಳಿ ಕೂಗುತ್ತದೆ. ಜನ್ನ ಇದನ್ನು ಉದ್ದೇಶಿಸಿದನೋ ಇಲ್ಲವೋ, ನನ್ನ ಕಿವಿಗೆ ಹಾಗೆ ಕೇಳಿಸಿತು.

ಈ ಕಥೆ ಜನ್ನನಿಗಿಂತ ಹಳೆಯದು. ಸೋಮದೇವ 959ರಲ್ಲಿ ‘ಯಶಸ್ತಿಲಕ’ವನ್ನು ಬರೆದ, ಆಮೇಲೆ ವಾದಿರಾಜ ಸಂಸ್ಕೃತದಲ್ಲಿ ಬರೆದ, ಜನ್ನ 1209ರಲ್ಲಿ ಮುಗಿಸಿದ್ದು ವಾದಿರಾಜನ ಜಾಡಿನಲ್ಲಿ. ಅವನು ಹೊಯ್ಸಳ ವೀರಬಲ್ಲಾಳನ ಆಸ್ಥಾನದಲ್ಲಿದ್ದವನು. ತಾನೇ ಕತ್ತಿ ಹಿಡಿಯದಿದ್ದರೂ ಆಜ್ಞೆಯಿಂದ, ಒಪ್ಪಿಗೆಯಿಂದ, ಸುಮ್ಮನಿರುವುದರಿಂದ ನಡೆಯುವ ಕೊಲೆಗಳು ಅರಮನೆಯಲ್ಲಿದ್ದವನಿಗೆ ತಿಳಿಯದೇ ಇರಲಿಲ್ಲ ಎಂದು ನನ್ನ ಊಹೆ. ಕಾರ್ಕಳದವರು ಹೇಳಿದ ಕೃತ, ಕಾರಿತ, ಅನುಮೋದಿತ ಅರಮನೆಯ ಗೋಡೆಯೊಳಗೆ ಎಷ್ಟು ಚೆನ್ನಾಗಿ ಹೊಂದುತ್ತದೆ!

ಬೈಲಕರೆ

ನಾನು ಇಲ್ಲಿ ಓದುವವನೇ ಹೊರತು ಬರೆಯುವವನಲ್ಲ. ಹಳಗನ್ನಡ ನನಗೆ ಬರುವುದಿಲ್ಲ. ಆದರೆ ತಾಯಿ ನೋಯಬಾರದೆಂದು ಒಪ್ಪಿದ, ಹಿಟ್ಟಷ್ಟೇ ಎಂದು ಕಡಿದ ಎಂಬುದನ್ನು ಓದಿದ ಮೇಲೆ ಎರಡು ರಾತ್ರಿ ನಿದ್ದೆ ಬರಲಿಲ್ಲ. ಆದ್ದರಿಂದ ಬರೆಯುತ್ತಿದ್ದೇನೆ.

ನಮ್ಮದು ಮಂಗಳೂರಿನಿಂದ ಸ್ವಲ್ಪ ಒಳಗೆ, ಬೈಲಿನ ಅಂಚಿನಲ್ಲಿ ಮನೆ, ತೋಟ. ತಂದೆ ತೀರಿಕೊಂಡ ಮೇಲೆ ಆಸ್ತಿಯನ್ನು ನನ್ನ ಹೆಸರಿಗೆ ಮಾಡಿಸುವಾಗ ತಂಗಿಯ ಹಕ್ಕು ಬಿಡುಗಡೆ ಪತ್ರ ಬೇಕಾಯಿತು. 2005ರ ಕಾನೂನು ತಿದ್ದುಪಡಿಯ ನಂತರ ಹೆಣ್ಣುಮಕ್ಕಳಿಗೂ ಸಮಪಾಲೆಂದು ನನಗೆ ಗೊತ್ತಿತ್ತು. ತಂಗಿಗೆ ಆಗ ಗಂಡನ ಕೆಲಸ ಹೋಗಿ ಕಷ್ಟದಲ್ಲಿದ್ದ ಕಾಲ. ಅಮ್ಮ ಹೇಳಿದರು, ‘ಇದು ಬರೀ ಕಾಗದ ಮಗಾ, ಮನೆ ಅವಳದ್ದೂ ಅಲ್ಲವಾ, ನೀನು ಕೊಡದೆ ಇರುತ್ತೀಯಾ?’ ನಾನು ಬೇಡ ಎಂದೆ. ಒಂದು ವಾರ ಬೇಡ ಎಂದೆ. ಅಮ್ಮ ಊಟ ಬಿಟ್ಟರು. ಕೊನೆಗೆ ಆಯಿತು ಎಂದೆ.

ನೋಂದಣಿ ಕಚೇರಿಯ ಮೇಜಿನ ಮುಂದೆ ತಂಗಿ ಪೆನ್ನು ಹಿಡಿದು ಕಾಗದವನ್ನು ಓದದೆ ನನ್ನ ಮುಖ ನೋಡಿ ಕೇಳಿದಳು, ‘ಅಣ್ಣ, ಎಲ್ಲಿ?’ ನಾನು ಬೆರಳಿಟ್ಟು ತೋರಿಸಿದೆ. ಅವಳು ಹಾಕಿದಳು.

ಹನ್ನೊಂದು ವರ್ಷ ಆಯಿತು. ತೋಟದ ಅಡಿಕೆ ಮಾರಿದ ಪ್ರತಿ ಸಲವೂ ಒಂದಿಷ್ಟು ಹಣ ಅವಳಿಗೆ ಕಳುಹಿಸುತ್ತೇನೆ. ಅವಳು ‘ಅಣ್ಣ ಕಳಿಸಿದ್ದು’ ಎಂದು ಎಲ್ಲರಲ್ಲೂ ಹೇಳಿಕೊಳ್ಳುತ್ತಾಳೆ. ಅದು ಅವಳದ್ದೇ ಎಂದು ನಾನು ಈವರೆಗೆ ಹೇಳಿಲ್ಲ. ಅಮ್ಮ ಹೇಳಿದ್ದಕ್ಕೆ ಮಾಡಿದೆ ಎಂದು ನನಗೆ ನಾನೇ ಹೇಳಿಕೊಂಡದ್ದಕ್ಕೆ ಲೆಕ್ಕವಿಲ್ಲ. ಆದರೆ ಬೆರಳು ನನ್ನದು.

ಟೀಚರ್, ಕಲ್ಯಾಣಪುರ

ತಮ್ಮಾ, ಎಷ್ಟು ಕಷ್ಟಪಟ್ಟು ಬರೆದಿದ್ದೀರೆಂದು ಸಾಲು ಸಾಲಿನಲ್ಲಿ ಗೊತ್ತಾಗುತ್ತದೆ. ನಾನು ಮೇಲೆ ‘ಕ್ಷಮೆಯೋ ನಾಚಿಕೆಯೋ’ ಎಂದು ಸುಲಭವಾಗಿ ಕೇಳಿಬಿಟ್ಟೆ. ನಿಮ್ಮ ಮಾತು ಓದಿದ ಮೇಲೆ ಯಶೋಧರನ ಮೇಲಿದ್ದ ನನ್ನ ಸಿಟ್ಟು ಸ್ವಲ್ಪ ಇಳಿದಿದೆ. ಊಟ ಬಿಟ್ಟ ತಾಯಿಯ ಮುಂದೆ ಒಂದು ವಾರ ಬೇಡವೆನ್ನುವುದು ಸಣ್ಣ ಕೆಲಸವಲ್ಲ.

ಕಾರ್ಕಳದವರು

ಬೈಲಕರೆಯವರೇ, ಇಬ್ಬರಿಗೂ ಪೂರ್ತಿ ಪಾಲು ಎಂದು ನಾನು ಬರೆದದ್ದನ್ನು ನೀವು ನಿಮಗೆ ವಿಧಿಸಿದ ದಂಡವೆಂದು ಓದಿಕೊಳ್ಳಬಾರದು. ಅಂಟಿದ ಕರ್ಮ ತನ್ನ ಕಾಲ ಬಂದಾಗಲೇ ಉದುರಬೇಕೆಂದೇನೂ ಇಲ್ಲ. ಅದನ್ನು ಮೊದಲೇ ಉದುರಿಸುವ ದಾರಿಯಿದೆ, ಅದಕ್ಕೆ ನಿರ್ಜರೆ ಎನ್ನುತ್ತಾರೆ. ತಪಸ್ಸಿನಿಂದ ನಿರ್ಜರೆ. ನಮ್ಮಲ್ಲಿ ತಪಸ್ಸೆಂದರೆ ಉಪವಾಸವೊಂದೇ ಅಲ್ಲ. ಒಳಗಿನ ತಪಸ್ಸುಗಳ ಪಟ್ಟಿಯಲ್ಲಿ ಮೊದಲು ಬರುವುದು ಪ್ರಾಯಶ್ಚಿತ್ತ, ಪ್ರಾಯಶ್ಚಿತ್ತದ ಬಗೆಗಳಲ್ಲಿ ಮೊದಲನೆಯದು ಆಲೋಚನೆ. ಇಲ್ಲಿ ಆ ಪದದ ಅರ್ಥ ಯೋಚಿಸುವುದು ಎಂದಲ್ಲ. ಮಾಡಿದ ತಪ್ಪನ್ನು ಮುಚ್ಚುಮರೆಯಿಲ್ಲದೆ ಬಾಯಿಬಿಟ್ಟು ನಿವೇದಿಸುವುದು ಎಂದು. ಗುರುಗಳ ಮುಂದೆ ಹೇಳುವಾಗಲೂ ತಪ್ಪನ್ನು ಸಣ್ಣದು ಮಾಡಿ ಹೇಳಿದರೆ, ಯಾರೋ ಕಂಡದ್ದನ್ನು ಮಾತ್ರ ಹೇಳಿದರೆ ಅದು ದೋಷ.

ಕಡಿಯಾಳಿಯವರು ಕೇಳಿದ ಪ್ರಶ್ನೆಗೂ ಇಲ್ಲಿಯೇ ಉತ್ತರವಿದೆ ಎಂದು ಈಗ ಅನಿಸುತ್ತದೆ. ತಪ್ಪು ಆರಂಭವಾದದ್ದು ‘ಕನಸು’ ಎಂಬ ಮಾತಿನಲ್ಲಿ. ಕಂಡದ್ದನ್ನು ಕನಸು ಎಂದ. ಕನಸಿಗೆ ಶಾಂತಿ ಬೇಕಾಯಿತು. ಶಾಂತಿಗೆ ಬಲಿ ಬೇಕಾಯಿತು. ಬಲಿಗೆ ಬದಲಿ ಬೇಕಾಯಿತು. ಚಂದ್ರಮತಿ ಮಗನ ನಿಜವಾದ ದುಃಖಕ್ಕೆ ಪರಿಹಾರ ಹೇಳಲೇ ಇಲ್ಲ, ಏಕೆಂದರೆ ಅದು ಅವಳಿಗೆ ಗೊತ್ತೇ ಇರಲಿಲ್ಲ. ಇಲ್ಲದ ಕನಸಿಗೆ ಅವಳು ಪರಿಹಾರ ಹೇಳಿದಳು. ಮೂಢಳೆಂದು ನಾವು ದೂರುವ ಆ ತಾಯಿಯನ್ನು ಕತ್ತಲಲ್ಲಿ ಇಟ್ಟವನು ಮಗ.

ಮದ್ದಳೆಯ ಹತ್ತಿರ ಕೂರುವವ

ಇದಕ್ಕೆ ನನ್ನಲ್ಲಿ ಎದುರುಮಾತಿಲ್ಲ. ವಿಧಿಯ ಬಗ್ಗೆ ನಾನು ಬರೆದದ್ದನ್ನು ಹಿಂದೆ ತೆಗೆದುಕೊಳ್ಳುತ್ತೇನೆ. ಒಂದೇ ಸಂಶಯ: ಹೆಂಡತಿಯ ವಿಷಯವನ್ನು ಒಬ್ಬ ಮಗ ತಾಯಿಯಲ್ಲಿ ಹೇಗೆ ಹೇಳಬೇಕಿತ್ತು? ಹೇಳಿದ್ದರೆ ಅಂದೇ ಎರಡು ತಲೆ ಉರುಳುತ್ತಿದ್ದವು. ಅವನು ಮುಚ್ಚಿಟ್ಟದ್ದರಲ್ಲಿ ಅವಳ ಜೀವ ಉಳಿಸಿದ ಪುಣ್ಯವೂ ಇಲ್ಲವೇ?

ಕಡಿಯಾಳಿ ಓದುಗ

ಇದೆ. ಆ ಪುಣ್ಯವನ್ನು ನಾನೂ ಅಲ್ಲಗಳೆಯಲಾರೆ, ಅದಕ್ಕೇ ಈ ಕಥೆ ನನಗೆ ಇಷ್ಟು ಕಷ್ಟವಾಗುವುದು. ‘ಹೇಳಲಾರೆ’ ಎಂದು ಸುಮ್ಮನಿರುವ ದಾರಿಯೂ ಅವನಿಗಿತ್ತು. ಅವನು ಸುಮ್ಮನಿರಲಿಲ್ಲ, ಸುಳ್ಳನ್ನು ಕಟ್ಟಿ ಕೊಟ್ಟ.

ಈ ವಾರ ಮುಂದಿನ ಭಾಗವನ್ನು ಮನೆಯಲ್ಲಿ ಓದಿಕೊಳ್ಳುತ್ತಾ ಹಿಂದಕ್ಕೂ ತಿರುವಿದೆ. ಕಾವ್ಯ ಶುರುವಾಗುವುದು ಉಜ್ಜಯಿನಿಯಲ್ಲಲ್ಲ, ರಾಜಪುರದ ಚಂಡಮಾರಿಯ ಗುಡಿಯಲ್ಲಿ. ಅಲ್ಲಿ ಮಾರಿದತ್ತನೆಂಬ ಅರಸ ನರಬಲಿಗೆಂದು ಹಿಡಿದು ತರಿಸಿದ ಅಭಯರುಚಿ, ಅಭಯಮತಿ ಎಂಬ ಎಳೆಯ ಅಣ್ಣತಂಗಿಯರು ನಿಂತಿದ್ದಾರೆ. ಅವರೇ ಯಶೋಧರ ಮತ್ತು ಚಂದ್ರಮತಿ, ಅಷ್ಟು ಜನ್ಮಗಳನ್ನು ದಾಟಿ ಮನುಷ್ಯರಾಗಿ ಬಂದವರು. ನಾವು ಇಷ್ಟು ದಿನ ಓದಿದ ಇಡೀ ಕಥೆ, ಆ ರಾತ್ರಿ, ಆ ಕತ್ತಿ, ಆ ಸುಳ್ಳು ಕನಸು, ಆ ಕೋಳಿ ಎಲ್ಲವೂ ಅಭಯರುಚಿ ತನ್ನ ಬಾಯಿಂದಲೇ ಹೇಳುತ್ತಿರುವುದು. ಅಂದು ತಾಯಿಗೆ ಹೇಳದೆ ಬಿಟ್ಟದ್ದನ್ನು ಇಂದು ತಂಗಿಯಾಗಿ ಪಕ್ಕದಲ್ಲಿ ನಿಂತಿರುವ ಅದೇ ತಾಯಿ ಕೇಳುವಂತೆ, ಕೊಲ್ಲಲು ಸಿದ್ಧನಾದ ಅರಸನ ಮುಂದೆ ಹೇಳುತ್ತಾನೆ. ಕೇಳಿದ ಮಾರಿದತ್ತ ಬಲಿಯನ್ನು ಬಿಡುತ್ತಾನೆ. ಚೌಕಟ್ಟಿನ ಕಥೆ ಎಂದು ಕಾಲೇಜಿನಲ್ಲಿ ಪಾಠವಾಗಿತ್ತು. ಅದು ಏಕೆ ಹಾಗಿದೆ ಎಂದು ನಾನು ಅಂದು ಯೋಚಿಸಿರಲಿಲ್ಲ.

ಬೈಲಕರೆ

ನಿನ್ನೆ ಪೇಟೆಗೆ ಹೋಗಿ ವಕೀಲರನ್ನು ಕಂಡು ಬಂದೆ. ನನ್ನ ಹೆಸರಿನಲ್ಲಿರುವ ಜಾಗದಿಂದ ಅವಳ ಪಾಲನ್ನು ದಾನಪತ್ರದ ಮೂಲಕ ಅವಳ ಹೆಸರಿಗೆ ಮಾಡಬಹುದು ಎಂದರು. ಅದಕ್ಕೆ ‘ದಾನ’ ಎಂಬ ಹೆಸರು ನನಗೆ ಹಿಡಿಸಲಿಲ್ಲ. ಕಾನೂನಿನಲ್ಲಿ ಹಾಗೆಯೇ ಬರೆಯಬೇಕಂತೆ.

ಚೌತಿಗೆ ತಂಗಿ ಬರುತ್ತಾಳೆ. ಅವಳು ಪತ್ರ ಓದುವುದಿಲ್ಲ, ಈ ಸಲವೂ ನನ್ನ ಮುಖ ನೋಡಿ ಎಲ್ಲಿ ಎಂದೇ ಕೇಳುತ್ತಾಳೆ. ಆದ್ದರಿಂದ ಪತ್ರಕ್ಕೆ ಮೊದಲು ಅವಳನ್ನು ಕೂರಿಸಿ ಅಂದು ಏನಾಯಿತೆಂದು ಹೇಳಬೇಕೆಂದಿದ್ದೇನೆ. ಅಮ್ಮನಿಗೆ ಈಗ ಎಂಬತ್ತೆರಡು, ಕಿವಿ ಚೆನ್ನಾಗಿಯೇ ಕೇಳುತ್ತದೆ. ಹೇಳುವಾಗ ಅವರೂ ಚಾವಡಿಯಲ್ಲೇ ಇರುತ್ತಾರೆ.